ಏಕವಚನ

2025ರ ಆಗಸ್ಟ್ 11, ಸೋಮವಾರ, ಬೆಳಗ್ಗೆ 10 ಗಂಟೆ 40 ನಿಮಿಷ. ಠಾಣೆಯ ರೈಟರ್ ಆವಲಪ್ಪ ನನ್ನ ದೂರನ್ನು ಟೈಪು ಮಾಡಿ ಮುಗಿಸಿದರು. ಪ್ರಿಂಟು ತೆಗೆದರು. ದೂರು ಕೊಟ್ಟವನಿಗೆ ಅದನ್ನು ಓದಿ ಹೇಳಬೇಕೆಂಬುದು ಕಾನೂನು. ಕನ್ನಡಕ ಹಾಕಿಕೊಂಡು ಓದಿದರು.

“‘ಪೂಜ್ಯ ಸ್ವಾಮೀಜಿಯವರು, ದೂರುದಾರನು ಐದನೇ ತರಗತಿಯಲ್ಲಿ ಓದುತ್ತಿದ್ದಾಗ, ಆಶ್ರಮದ ತಮ್ಮ ಕೊಠಡಿಗೆ ಕರೆಸಿಕೊಂಡು ಅವನಿಂದ ಪಾದಸೇವೆ ಮಾಡಿಸಿಕೊಳ್ಳುತ್ತಿದ್ದು, ಸದರಿ ಸೇವೆಯ ಸಮಯದಲ್ಲಿ ಅನುಚಿತವಾಗಿ ವರ್ತಿಸಿರುತ್ತಾರೆ.’ ಸರಿ ಐತಾ? ಇಲ್ಲಿ ಸೈನ್ ಹಾಕಪ್ಪ.”

“ಹಾಕಲ್ಲ ಸಾರ್.”

ನಾನು ಮೂರು ಪುಟ ಕೈಯಲ್ಲಿ ಬರೆದುಕೊಂಡು ಹೋಗಿದ್ದೆ. ತಾರೀಕು, ವಾರ, ಕೋಣೆಯ ಉದ್ದಗಲ, ಚಿಲಕ ಬಾಗಿಲಿನ ಯಾವ ಕಡೆಗಿತ್ತು, ಎಲ್ಲ ಇತ್ತು. ನಾನು ಬಿ.ಎಸ್ಸಿ. ಓದಿದವನು. ಮಾಲೂರಿನ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಇಟ್ಟಿಗೆಯನ್ನು ಯಂತ್ರದಲ್ಲಿಟ್ಟು ಒತ್ತುತ್ತೇನೆ, ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆಯುತ್ತೇನೆ. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಆ ಮೂರು ಪುಟ ಆವಲಪ್ಪನವರ ಕೈಯಲ್ಲಿ ಹನ್ನೊಂದು ಸಾಲಾಗಿತ್ತು.

“ಯಾಕಪ್ಪ? ಎಲ್ಲಾ ಬಂದೈತಲ್ಲ.”

“ಸೇವೆ ಅನ್ನೋದು ತೆಗೀರಿ. ಅದು ಸೇವೆ ಅಲ್ಲ.”

“ನೀನೇ ಬರ್ದಿದ್ದೀಯಲ್ಲೋ, ಸೇವೆ ಅಂತ ಕರೀತಿದ್ರು ಅಂತ.”

“ಕರೀತಿದ್ರು ಅಂತ ಬರ್ದಿದ್ದೀನಿ ಸಾರ್. ಸೇವೆ ಆಗಿತ್ತು ಅಂತ ಬರ್ದಿಲ್ಲ. ಆಮೇಲೆ ‘ವರ್ತಿಸಿರುತ್ತಾರೆ’ ಬೇಡ. ‘ವರ್ತಿಸಿರುತ್ತಾನೆ’ ಅನ್ನಿ. ‘ಅನುಚಿತ’ ಅಂತಲೂ ಬೇಡ. ಏನು ಮಾಡಿದ ಅಂತ ಅಲ್ಲಿ ಬರೆದಿದ್ದೀನಿ.”

ಆವಲಪ್ಪ ಕನ್ನಡಕ ತೆಗೆದರು. ಕೆಟ್ಟ ಮನುಷ್ಯನಲ್ಲ. ಬೆಳಗ್ಗೆ ನಾನು ಬರೆದದ್ದನ್ನು ಜೋರಾಗಿ ಓದದೆ ಮನಸ್ಸಿನಲ್ಲೇ ಓದಿಕೊಂಡಿದ್ದರು. ಎದ್ದು ಹೋಗಿ ತಾವೇ ಒಂದು ಲೋಟ ನೀರು ತಂದಿಟ್ಟಿದ್ದರು.

“ಲೇ ಉಮಾಶಂಕರ, ಅವ್ರಿಗೆ ಅರವತ್ತೈದು ವರ್ಷ ಕಣೋ. ನಮ್ಮನೆ ಗೃಹಪ್ರವೇಶಕ್ಕೆ ಬಂದಿದ್ರು. ತಪ್ಪು ಮಾಡಿದ್ರೆ ಕೋರ್ಟು ನೋಡ್ಕೊಳ್ಳುತ್ತೆ. ಏಕವಚನದಲ್ಲಿ ಬರೆಯೋಕೆ ನಂಗೆ ಕೈ ಬರಲ್ಲ. ಕಾಗದ ಮೇಲಿನವರ್ಗೂ ಹೋಗುತ್ತೆ, ಏನಂದ್ಕೊಂತಾರೆ?”

ಮೇಜಿನ ಮೇಲೆ ಇನ್ನೊಂದು ಫೈಲು ತೆರೆದೇ ಇತ್ತು. ಹಿಂದಿನ ದಿನದ್ದು. ತಲೆಕೆಳಗಾಗಿದ್ದ ಅಕ್ಷರಗಳನ್ನು ನಾನು ಆಗಲೇ ಓದಿದ್ದೆ. ಕಾಯುವಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವುದು ನನ್ನ ಚಾಳಿ.

“‘ಆರೋಪಿ ಕದಿರಪ್ಪ, ಈತನು ಎರಡು ಕುರಿಗಳನ್ನು ಕಳವು ಮಾಡಿಕೊಂಡು ಹೋಗಿರುತ್ತಾನೆ.’ ಕದಿರಪ್ಪನಿಗೆ ಎಷ್ಟು ವರ್ಷ ಸಾರ್?”

ಆವಲಪ್ಪ ಆ ಫೈಲು ಮುಚ್ಚಿದರು. ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ ಮುದುಕನೊಬ್ಬ ಉತ್ತರ ಕೊಟ್ಟ.

“ಎಪ್ಪತ್ತೆರಡು ನಾಯ್ನಾ.” ನಮ್ಮ ಕಡೆ ಮಕ್ಕಳನ್ನು ಅಕ್ಕರೆಯಿಂದ ಹಾಗೆ ಕರೆಯುತ್ತಾರೆ.

“ಎಪ್ಪತ್ತೆರಡರವನು ‘ಹೋಗಿರುತ್ತಾನೆ’. ಅರವತ್ತೈದರವನು ‘ವರ್ತಿಸಿರುತ್ತಾರೆ’. ಕುರಿಗಿರೋ ಬೆಲೆ ನನಗಿಲ್ವಾ ಸಾರ್?”

“ಕೇಳು ನಾಯ್ನಾ, ಕೇಳು,” ಎಂದ ಮುದುಕ. “ನಂಗೂ ‘ಅವ್ರು’ ಅಂತ ಹಾಕಿಸ್ಕೊಡು. ಕದಿರಪ್ಪನವರು ಕುರಿ ಕದ್ರು. ಕೇಳೋಕೆ ಚೆನ್ನಾಗೈತೆ.”

“ಏಯ್, ಬಾಯ್ಮುಚ್ಚಲಾ!” ಎಂದು ಆವಲಪ್ಪ ಕೂಗಿದರು. ಕೂಗಿದ ಮೇಲೆ ತಮ್ಮ ‘ಲಾ’ ತಮಗೇ ಕೇಳಿಸಿತೇನೋ, ಮುಖ ಕೆಂಪಾಯಿತು.

ಸಬ್ ಇನ್‌ಸ್ಪೆಕ್ಟರ್ ಸುನಂದ ಒಳಗೆ ಬಂದದ್ದು ಆಗ. ಏನು ಗಲಾಟೆ ಎಂದು ಕೇಳಿದರು. ನನ್ನ ಮೂರು ಪುಟಗಳನ್ನು ಎತ್ತಿಕೊಂಡು ನಿಂತೇ ಓದಿದರು. ಎರಡನೇ ಪುಟದಲ್ಲಿ ಕುರ್ಚಿ ಎಳೆದುಕೊಂಡು ಕುಳಿತರು.

“ಹುಡುಗ ಬರೆದಿರೋ ಹಾಗೇ ಟೈಪ್ ಮಾಡಿ ಆವಲಪ್ಪ. ಒಂದಕ್ಷರ ಆಚೀಚೆ ಆಗ್ಬಾರ್ದು.” ಆಮೇಲೆ ನನ್ನ ಕಡೆ ತಿರುಗಿದರು. “ಹನ್ನೆರಡು ವರ್ಷ ಹಳೇದು. ಗಾಯ ಇಲ್ಲ, ಡಾಕ್ಟ್ರ ಚೀಟಿ ಇಲ್ಲ. ಅವರ ಲಾಯರು ಮೊದ್ಲು ಕೇಳೋದು ಇದನ್ನೇ, ಈಗ ಕಟ್ಟಿದ ಕಥೆ ಅಂತಾರೆ. ಆಗ ಯಾರಿಗಾದ್ರೂ ಹೇಳಿದ್ಯಾ?”

“ಹೇಳಿದ್ದೆ ಮೇಡಂ.”

“ಯಾರಿಗೆ?”

“ಅಮ್ಮನಿಗೆ.”

“ಅಮ್ಮ ಬಂದು ಹೇಳ್ತಾರಾ?”

“ಹೇಳ್ತಾರೆ,” ಅಂದೆ.

ನನ್ನ ಜೀವನದಲ್ಲಿ ಅಳತೆ ಮಾಡದೆ ಬರೆಸಿದ ಉತ್ತರ ಅದೊಂದೇ.

*

ಮುಳಬಾಗಿಲಿನಿಂದ ಆಂಧ್ರದ ಗಡಿ ಕಡೆಗೆ ಹೋದರೆ ಬೋಡಗುಟ್ಟ. ಮರವಿಲ್ಲದ ಬೋಳು ಗುಡ್ಡ, ಅದಕ್ಕೇ ಆ ಹೆಸರು. ಗುಡ್ಡದ ಬುಡದಲ್ಲಿ ಆಶ್ರಮ. ಅಲ್ಲಿ ಬಡವರ ಮಕ್ಕಳಿಗೆ ಊಟ, ವಸತಿ, ಶಾಲೆ ಉಚಿತ. ನನ್ನನ್ನು ಅಲ್ಲಿಗೆ ಸೇರಿಸಿದ್ದು ಸೊಣ್ಣಪ್ಪ. ಅಮ್ಮ ಇಟ್ಟಿಗೆ ಹೊರುವ ಫ್ಯಾಕ್ಟರಿಯ ಮೇಸ್ತ್ರಿ, ಆಶ್ರಮದ ಸಮಿತಿಯಲ್ಲೂ ಇದ್ದವನು. ಅಪ್ಪ ತೀರಿಕೊಂಡು ವರ್ಷವಾಗಿತ್ತು. ನಾವು ಟೇಕಲ್ ಹತ್ತಿರದ ಹಳ್ಳಿಯವರು, ನೆಲವಿಲ್ಲದವರು. ಅಮ್ಮ ಬೆಳಗ್ಗೆ ಆರಕ್ಕೆ ಫ್ಯಾಕ್ಟರಿಯಲ್ಲಿರಬೇಕು. ನನಗೆ ಅನ್ನ ಹಾಕುವವರಿರಲಿಲ್ಲ. ಸೊಣ್ಣಪ್ಪ ದೇವರಂತೆ ಬಂದ ಎಂದು ಅಮ್ಮ ಎಷ್ಟೋ ವರ್ಷ ಹೇಳುತ್ತಿದ್ದಳು.

ಆಶ್ರಮದ ಜಗುಲಿಯಲ್ಲಿ ಒಂದು ಕರಿಹಲಗೆ. ಅದರ ಮೇಲೆ ಸೇವೆಯ ಸರದಿ. ಗೋಶಾಲೆ ಸೇವೆ ಇಂಥವರು, ಅಡುಗೆಮನೆ ಸೇವೆ ಇಂಥವರು. ಕೊನೆಯ ಸಾಲು ಪಾದಸೇವೆ. ಆ ಸಾಲಿನಲ್ಲಿ ದಿನಕ್ಕೆ ಒಬ್ಬನದೇ ಹೆಸರು, ವಾರದ ಒಂದೊಂದು ದಿನ ಒಬ್ಬೊಬ್ಬನದು. ಮಧ್ಯಾಹ್ನ ಊಟವಾದ ಮೇಲೆ, ಎಲ್ಲರೂ ಮಲಗುವ ಹೊತ್ತು. ಕೊನೆಯ ಸಾಲಿನಲ್ಲಿ ಹೆಸರು ಬಂದವನಿಗೆ ಅವತ್ತು ಪಂಕ್ತಿಯಲ್ಲಿ ತುಪ್ಪ ಹೆಚ್ಚು ಬಡಿಸುತ್ತಿದ್ದರು. ದೊಡ್ಡ ಹುಡುಗರು ಅವನ ಮುಖ ನೋಡುತ್ತಿರಲಿಲ್ಲ.

ಆ ಕೋಣೆಯೊಳಗೆ ಆದದ್ದನ್ನು ದೂರಿನಲ್ಲಿ ಬರೆಸಿದ್ದೇನೆ. ಇಲ್ಲಿ ಬರೆಯುವುದಿಲ್ಲ. ಅದು ಓದುಗರಿಗಲ್ಲ, ಕೋರ್ಟಿಗೆ.

2013ರ ದಸರಾ ರಜೆಗೆ ಮನೆಗೆ ಬಂದೆ. ಅಮ್ಮ ರಾಗಿ ಮುದ್ದೆ ತಿರುವುತ್ತಿದ್ದಳು. ನನ್ನ ಹತ್ತಿರ ಇದ್ದದ್ದು ಒಂದೇ ಪದ, ಅವರು ಕಲಿಸಿದ ಪದ. ಬೇರೆ ಪದ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದವನಿಗೆ ಎಲ್ಲಿಂದ ಬರಬೇಕು? ಆದರೆ ಕ್ರಿಯಾಪದವನ್ನು ನಾನೇ ಬದಲಾಯಿಸಿದೆ. ನನ್ನ ಕೈಲಾದ್ದು ಅಷ್ಟೇ.

“ಅಮ್ಮಾ, ಸ್ವಾಮಿ ನನ್ ಕೈಲಿ ಸೇವೆ ಮಾಡಿಸ್ಕೊಂತಾನೆ. ನಂಗೆ ಬೇಡಮ್ಮ.”

ಅಮ್ಮ ಮುದ್ದೆ ಕೋಲು ಬಿಟ್ಟು ಎದ್ದು ಬಂದಳು. ಎಡಗೆನ್ನೆಗೆ ಹೊಡೆದಳು.

“ಮಾಡಿಸ್ಕೊಂತಾನೆ? ಸ್ವಾಮುಲೋರ್ನ ತಾನೆ ಗೀನೆ ಅಂತೀಯಾ? ಅನ್ನ ಹಾಕೋರ್ನ? ಯಾರ್ ಕಲಿಸಿದ್ರೋ ಏಕವಚನ? ತಾರೆ ಅನ್ನು! ಮಾಡಿಸ್ಕೊಂತಾರೆ ಅನ್ನು!”

ಅಂದೆ. ಮಾಡಿಸ್ಕೊಂತಾರೆ. ಮೂರು ಸಲ ಅನ್ನಿಸಿದಳು. ಮೂರನೆಯ ಸಲಕ್ಕೆ ನಾನು ಹೇಳಬೇಕೆಂದಿದ್ದದ್ದು ವಾಕ್ಯದಿಂದ ಸೋರಿಹೋಗಿತ್ತು. ಮಗನಿಗೆ ಪಾದಸೇವೆ ಸಿಕ್ಕಿದೆ ಎಂದು ಪಕ್ಕದ ಮನೆಯವರಿಗೆ ಹೇಳಿದಳು. ರಜೆ ಮುಗಿದಾಗ ಬ್ಯಾಗಿನಲ್ಲಿ ಒಂದು ಬಾಟಲಿ ಹರಳೆಣ್ಣೆ ಇಟ್ಟಳು, ಸ್ವಾಮಿಯ ಕಾಲಿಗೆ ತಿಕ್ಕಲು. ಆ ಎಣ್ಣೆಯನ್ನು ನಾನೇ ಹೊತ್ತುಕೊಂಡು ಹೋದೆ.

ಏಳನೇ ತರಗತಿಗೆ ಅಲ್ಲಿಂದ ಬಂದೆ. ಟೇಕಲ್‌ನಲ್ಲಿ ಓದಿದೆ, ಕೋಲಾರದಲ್ಲಿ ಕಾಲೇಜು. ಚೆನ್ನಾಗಿ ಓದಿದೆ. ಯಾರಾದರೂ ಹಿಂದಿನಿಂದ ಕುತ್ತಿಗೆ ಮುಟ್ಟಿದರೆ ಕೈಯಲ್ಲಿದ್ದದ್ದು ಬಿದ್ದುಹೋಗುತ್ತದೆ. ಕ್ಷೌರದಂಗಡಿಗೆ ಹೋಗುವುದಿಲ್ಲ, ಕೂದಲು ನಾನೇ ಕತ್ತರಿಸಿಕೊಳ್ಳುತ್ತೇನೆ. ಹರಳೆಣ್ಣೆ ವಾಸನೆ ಬಂದರೆ ಬಸ್ಸು ಇಳಿದುಬಿಡುತ್ತೇನೆ. ಇವನ್ನೆಲ್ಲ ಜನ ‘ಶಿಸ್ತು’ ಅಂದುಕೊಂಡರು.

ಈ ವರ್ಷ ಗುರುಪೂರ್ಣಿಮೆಗೆ ಆಶ್ರಮದ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಆಹ್ವಾನಪತ್ರಿಕೆ ಬಂತು. ಕೆಳಗೆ ‘ಪಾದಸೇವಾಕರ್ತರು’ ಎಂದು ಇಪ್ಪತ್ತೆರಡು ಹೆಸರು ಅಚ್ಚಾಗಿದ್ದವು. ಯಾರೂ ನನ್ನನ್ನು ಕೇಳಿರಲಿಲ್ಲ. ಹದಿನಾಲ್ಕನೆಯದು ನನ್ನದು, ಪಕ್ಕದಲ್ಲಿ ಬಿ.ಎಸ್ಸಿ. ಎಂದು ಬೇರೆ. ಎಲ್ಲರೂ ಕೈಮುಗಿಯುವ ಚಿತ್ರ ಹಾಕುತ್ತಿದ್ದರು. ಐದು ನಿಮಿಷದ ನಂತರ ‘ಮುರಳಿಮೋಹನ್ ಗುಂಪನ್ನು ತೊರೆದಿದ್ದಾರೆ’ ಎಂದು ಬಂತು. ಅವನದು ಒಂಬತ್ತನೆಯ ಹೆಸರು.

ಮುರಳಿ ನನ್ನ ತರಗತಿಯವನು. ಈಗ ಟೊಮೆಟೊ ಕ್ರೇಟುಗಳನ್ನು ಕೋಲಾರದ ಮಾರುಕಟ್ಟೆಗೆ ಸಾಗಿಸುವ ಗಾಡಿ ಓಡಿಸುತ್ತಾನೆ. ಫೋನು ಮಾಡಿದೆ. ಇಬ್ಬರೂ ಬಹಳ ಹೊತ್ತು ಟೊಮೆಟೊ ರೇಟಿನ ಬಗ್ಗೆ ಮಾತಾಡಿದೆವು. ಆಮೇಲೆ ಅವನು, “ನಿನ್ ವಾರ ಯಾವ್ದಿತ್ತು?” ಎಂದ.

“ಮಂಗಳವಾರ.”

“ನಂದು ಶುಕ್ರವಾರ.” ಆಮೇಲೆ ಅಂದ. “ಥೂ, ಅದುಕ್ಕೇ ನಂಗೆ ಲಕ್ಷ್ಮಿ ಒಲೀಲಿಲ್ಲ.”

ನಕ್ಕೆವು. ಹನ್ನೆರಡು ವರ್ಷದಲ್ಲಿ ಆ ಕೋಣೆಯ ಬಗ್ಗೆ ಮೊದಲ ಸಲ ಬಾಯಿಬಿಟ್ಟದ್ದು, ಅದೂ ನಗುತ್ತ.

ಠಾಣೆಗೆ ನನ್ನನ್ನು ಕರೆದುಕೊಂಡು ಹೋದದ್ದೂ ಅವನೇ. ಒಳಗೆ ಬರಲಿಲ್ಲ. “ನಂಗೆ ಮದ್ವೆ ಗೊತ್ತಾಗೈತೆ ಕಣೋ,” ಎಂದು ಗಾಡಿಯಲ್ಲೇ ಕುಳಿತ.

*

ಅವತ್ತು ಸಂಜೆ ಮನೆಗೆ ಹೋದೆ. ಅಮ್ಮ ಬಾಗಿಲಲ್ಲಿ ಕುಳಿತು ಬಿಸಿನೀರಿನಲ್ಲಿ ಪಾದ ಅದ್ದಿಕೊಂಡಿದ್ದಳು. ದೂರು ಕೊಟ್ಟದ್ದನ್ನು ಹೇಳಿದೆ. ಯಾವುದರ ಬಗ್ಗೆ ಎಂಬುದನ್ನೂ ಹೇಳಿದೆ. ಈ ಸಲ ನನ್ನ ಹತ್ತಿರ ಸರಿಯಾದ ಪದಗಳಿದ್ದವು. ಒಂದೊಂದನ್ನೂ ಬಳಸಿದೆ.

ಅಮ್ಮ ನೀರನ್ನೇ ನೋಡುತ್ತಿದ್ದಳು.

“ನಿಂಗೆ ಹೇಳಿದ್ದೆ ಅಮ್ಮಾ. ದಸರಾ ರಜೇಲಿ. ನೀನು ಹೊಡ್ದೆ.”

“ನಂಗೆ ಜ್ಞಾಪಕ ಇಲ್ಲ.”

“ತಾನೆ ಅಂದಿದ್ದಕ್ಕೆ ಹೊಡ್ದೆ. ತಾರೆ ಅಂತ ಮೂರು ಸಲ ಅನ್ನಿಸ್ದೆ.”

“ಜ್ಞಾಪಕ ಇಲ್ಲ ಅಂದ್ನಲ್ಲ! ಎಷ್ಟೋ ಸಲ ಹೊಡ್ದಿದ್ದೀನಿ. ಎಲ್ಲಾ ಜ್ಞಾಪಕ ಇಟ್ಕೊಂಡು ಕೂತಿರ್ಲಾ?”

ಅದು ಸುಳ್ಳು. ಅಮ್ಮ ನನಗೆ ಹೊಡೆದದ್ದು ಅದೊಂದೇ ಸಲ. ಅವಳಿಗೂ ಗೊತ್ತು. ನೀರು ಚೆಲ್ಲಿ ಒಳಗೆ ಹೋದಳು. ಒದ್ದೆ ಪಾದದ ಗುರುತು ಆರುವ ತನಕ ನಾನು ಹೊರಗೇ ನಿಂತಿದ್ದೆ.

ಆಮೇಲಿನ ಹತ್ತು ದಿನ ನನಗೆ ಒಂದು ಕಡೆ ಕೂರಲಾಗಲಿಲ್ಲ. ಪ್ರಯೋಗಾಲಯದಲ್ಲಿ ಎರಡು ಸಲ ತಪ್ಪು ಅಂಕಿ ಬರೆದೆ. ಮಾಲೂರು ಸ್ಟೇಷನ್ನಿನ ಪ್ಲಾಟ್‌ಫಾರಂ ಉದ್ದಕ್ಕೂ ನಡೆದೆ, ವಾಪಸ್ಸು ನಡೆದೆ, ರೈಲು ಬಂದರೂ ಹತ್ತಲಿಲ್ಲ. ಊರಿನಲ್ಲಿ ಸುದ್ದಿ ಹಬ್ಬಿತ್ತು. ಹೋಟೆಲಿನ ಬೆಂಚಿನಲ್ಲಿ ನಾನು ಕುಳಿತರೆ ಮಾತು ನಿಲ್ಲುತ್ತಿತ್ತು. ಒಬ್ಬ ಕೇಳಿದ, “ಏನ್ಲಾ, ಗಂಡಸಾಗಿ ಹಿಂಗೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲ?” ಇನ್ನೊಬ್ಬ, “ಉಂಡ ಮನೆ ಜಂತೆ ಎಣಿಸೋ ಬುದ್ಧಿ,” ಎಂದ. ಹೌದು, ಎಣಿಸಿದ್ದೇನೆ. ಆ ಕೋಣೆಗೆ ಒಂಬತ್ತು ಜಂತೆ. ಮೇಲೆ ನೋಡುವುದೊಂದೇ ಅಲ್ಲಿ ನನಗೆ ಸಾಧ್ಯವಿದ್ದದ್ದು.

ಆಗಸ್ಟ್ 22, ಶುಕ್ರವಾರ. ನಾನು ಬೆಳಗ್ಗೆಯೇ ಅಮ್ಮನ ಫ್ಯಾಕ್ಟರಿಗೆ ಹೋದೆ. ಮತ್ತೊಮ್ಮೆ ಕೇಳೋಣ ಎಂದಿತ್ತು. ಹಿಂದಿನ ದಿನ ಸುನಂದ ಮೇಡಂ ಫೋನು ಮಾಡಿದ್ದರು. ಸ್ವಾಮಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿದ್ದಾನೆ, ಅಮ್ಮ ಬರುತ್ತಾರೋ ಇಲ್ಲವೋ ಬೇಗ ಹೇಳು ಎಂದಿದ್ದರು.

ಹೆಂಗಸರು ಹಸಿ ಇಟ್ಟಿಗೆ ಹೊರುತ್ತಿದ್ದರು. ಯಂತ್ರ ಕೊಯ್ದುಹಾಕಿದ ಇಟ್ಟಿಗೆಯನ್ನು ಒಣಗಿಸುವ ಶೆಡ್ಡಿಗೆ ಸಾಗಿಸಬೇಕು. ತಲೆಗೆ ಸಿಂಬಿ, ಸಿಂಬಿಯ ಮೇಲೆ ಹಲಗೆ, ಹಲಗೆಯ ಮೇಲೆ ಹತ್ತು ಇಟ್ಟಿಗೆ. ಹಸಿ ಇಟ್ಟಿಗೆ ಒಂದೊಂದು ಮೂರು ಕಿಲೋ ಮೇಲೆಯೇ ತೂಗುತ್ತದೆ. ಅಮ್ಮನ ಕುತ್ತಿಗೆಯ ನರಗಳು ಎರಡೂ ಕಡೆ ಹಗ್ಗದ ಹಾಗೆ ಎದ್ದಿದ್ದವು. ಸೊಣ್ಣಪ್ಪ ಅವಳ ದಾರಿಗೆ ಅಡ್ಡ ನಿಂತಿದ್ದ. ಅವನ ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಹೆಬ್ಬೆಟ್ಟಿಗೆ ಮಸಿಯ ಡಬ್ಬಿ. ನಾನು ನಲ್ಲಿಯ ಹತ್ತಿರ ನಿಂತೆ. ಇಬ್ಬರೂ ನನ್ನನ್ನು ನೋಡಿದರು. ಸೊಣ್ಣಪ್ಪ ಬೇಕೆಂದೇ ದನಿ ಏರಿಸಿದ.

“ಗಂಗರತ್ನಮ್ಮಾ, ಏನೂ ಇಲ್ಲ ಇದ್ರಲ್ಲಿ. ನನ್ ಮಗ ನಂಗೆ ಯಾವತ್ತೂ ಏನೂ ಹೇಳಿಲ್ಲ, ಅಷ್ಟೇ. ನಿಂಗೆ ಜ್ಞಾಪಕಾನೂ ಇಲ್ಲ ಅಂತೆ. ನಿಜಾನೇ ಬರ್ದಿರೋದು. ಹೆಬ್ಬೆಟ್ಟು ಒತ್ತು, ಹೋಗ್ತಾ ಇರು.”

ಅಮ್ಮ ಹೊರೆ ಇಳಿಸಲಿಲ್ಲ. ಹೊರೆ ಹೊತ್ತವಳನ್ನು ನಿಲ್ಲಿಸಿ ಮಾತಾಡಬಾರದು. ಅದು ಇಟ್ಟಿಗೆ ಕೆಲಸದವರ ನಡುವೆ ಹೇಳದೆ ಎಲ್ಲರಿಗೂ ಗೊತ್ತಿರುವ ನಿಯಮ. ಮೇಸ್ತ್ರಿಗೆ ಅದು ಅನ್ವಯಿಸುವುದಿಲ್ಲ.

“ಕೋರ್ಟು ಅಂದ್ರೆ ಏನಂದ್ಕೊಂಡೆ?” ಎಂದ ಸೊಣ್ಣಪ್ಪ. “ಅವರ ಲಾಯರು ನಿನ್ನೇ ನಿಲ್ಲಿಸಿ ಕೇಳ್ತಾನೆ, ಮಗ ಹೇಳಿದ್ಮೇಲೂ ಎಣ್ಣೆ ಬಾಟ್ಲು ಕೊಟ್ಟು ಕಳಿಸಿದ್ಯಲ್ಲಮ್ಮ, ನೀನೆಂಥ ತಾಯಿ ಅಂತ. ಆಗ ಏನಂತೀಯ? ಊರು ಉಗಿಯೋದು ಅವ್ರಿಗಲ್ಲ, ನಿಂಗೆ.”

ಅಮ್ಮನ ಕಣ್ಣು ಒಂದು ಕ್ಷಣ ಮುಚ್ಚಿತು. ಹಲಗೆ ಅಲುಗಲಿಲ್ಲ. ನನಗೆ ಗೊತ್ತಾಯಿತು. ಅವಳಿಗೆ ಎಲ್ಲ ಜ್ಞಾಪಕವಿತ್ತು. ಅವಳು ಹೆದರಿದ್ದು ಸ್ವಾಮಿಗಲ್ಲ, ಆ ಪ್ರಶ್ನೆಗೆ.

ಸೊಣ್ಣಪ್ಪ ಅಲ್ಲಿಗೇ ನಿಲ್ಲಿಸಿದ್ದರೆ ಗೆಲ್ಲುತ್ತಿದ್ದನೇನೋ. ನಿಲ್ಲಿಸಲಿಲ್ಲ. ಸಮಾಧಾನ ಮಾಡಲು ಹೋದ.

“ನಿನ್ ಮಗ ಒಬ್ನೇನಾ? ಎಷ್ಟು ಹುಡುಗ್ರು ಅಲ್ಲಿ ಓದಿ ಬಂದ್ರು. ಸ್ವಾಮುಲೋರ್ಗೆ ಅದೊಂದು ಚಪಲ ಐತೆ ಅಂತ ಸಮಿತಿಯೋರ್ಗೆಲ್ಲ ಗೊತ್ತಿತ್ತಮ್ಮ. ಯಾರ್ ಸತ್ತೋದ್ರು? ಯಾರಾದ್ರೂ ಹಿಂಗೆ ಬೀದಿಗೆ ತಂದ್ರಾ?”

ಹೊರುತ್ತಿದ್ದ ಹೆಂಗಸರೆಲ್ಲ ನಿಂತುಬಿಟ್ಟರು. ಹೊರೆ ತಲೆಯ ಮೇಲೆಯೇ ಇತ್ತು.

“ನಿಂಗೆ ಗೊತ್ತಿತ್ತಾ?” ಎಂದಳು ಅಮ್ಮ.

“ಅಂದ್ರೆ, ಹಂಗಲ್ಲ...”

“ನನ್ ಮಗನ್ನ ಸೇರಿಸ್ದಾಗ. ಆಗ್ಲೇ ಗೊತ್ತಿತ್ತಾ?”

ಸೊಣ್ಣಪ್ಪ ಕಾಗದ ಮಡಿಸಿದ. ಮತ್ತೆ ಬಿಡಿಸಿದ. “ಅನ್ನ ಸಿಗ್ಲಿ ಅಂತ ಸೇರಿಸ್ದೆ. ಹೆಬ್ಬೆಟ್ಟು ಒತ್ತಮ್ಮ. ನಾಳೆ ಕೆಲಸಕ್ಕೆ ಬರ್ಬೇಕೋ ಬೇಡ್ವೋ?”

ಅಮ್ಮ ಎರಡು ಕೈ ಮೇಲೆತ್ತಿ ಹಲಗೆ ಹಿಡಿದಳು. ಮೊಣಕಾಲು ಬಗ್ಗಿಸದೆ, ತಲೆ ಬಗ್ಗಿಸದೆ, ಹಲಗೆಯನ್ನು ಹಾಗೆಯೇ ಮುಂದಕ್ಕೆ ವಾಲಿಸಿದಳು. ಹತ್ತು ಹಸಿ ಇಟ್ಟಿಗೆ ಸೊಣ್ಣಪ್ಪನ ಚಪ್ಪಲಿಯ ಮುಂದೆ ಬಿದ್ದು ಮುದ್ದೆಯಾದವು. ಅವನು ಹಿಂದಕ್ಕೆ ಹಾರಿದ. ಅಮ್ಮ ಹೆಬ್ಬೆರಳು ಅವನ ಮುಖದ ಮುಂದೆ ಹಿಡಿದಳು. ಇಪ್ಪತ್ತು ವರ್ಷ ಇಟ್ಟಿಗೆ ಮುಟ್ಟಿದ ಬೆರಳು. ಗೆರೆಯೇ ಇಲ್ಲ.

“ನನ್ ಹೆಬ್ಬೆಟ್ಟು ರೇಷನ್ ಮಿಶಿನ್ನೇ ತಗಳಲ್ಲ. ನಿನ್ ಕಾಗ್ದ ತಗಂತೈತಾ? ಹೋಗು. ಹೋಗಿ ವಾಡಿಗೆ ಹೇಳು.”

ವಾಡು. ತೆಲುಗಿನಲ್ಲಿ ‘ಅವನು’. ನಮ್ಮ ಕಡೆ ಎರಡೂ ಭಾಷೆ ಮನೆಮಾತು, ಹತ್ತಿರದವರಿಗೋ ಕಳ್ಳನಿಗೋ ಮಾತ್ರ ಬಳಸುವ ಪದ. ಸೊಣ್ಣಪ್ಪನ ಬಾಯಿ ತೆರೆದೇ ಇತ್ತು.

“ಸ್ವಾಮುಲೋರ್ನಾ?” ಎಂದ.

“ವಾಡು,” ಎಂದಳು ಅಮ್ಮ ಮತ್ತೆ. “ಕೇಳಿಸ್ತಲ್ಲ? ನೀನೂ ವಾಡೇ.”

ಸಿಂಬಿ ಬಿಚ್ಚಿ, ಒದರಿ, ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದಳು. ನನ್ನ ಪಕ್ಕದಲ್ಲೇ ಹೋದಳು. ನನ್ನ ಮುಖ ನೋಡಲಿಲ್ಲ. ನಾನು ನಾಲ್ಕು ಹೆಜ್ಜೆ ಹಿಂದೆ ನಡೆದೆ. ಆ ಫ್ಯಾಕ್ಟರಿಗೆ ಮತ್ತೆ ಅವಳನ್ನು ಸೇರಿಸಲಿಲ್ಲ. ಸುತ್ತಲಿನ ಬೇರೆ ಮೂರು ಕಡೆಯೂ ಸೇರಿಸಲಿಲ್ಲ. ಈಗ ಮಾಸ್ತಿ ಕಡೆ ತರಕಾರಿ ತೋಟಕ್ಕೆ ಕಳೆ ಕೀಳಲು ಹೋಗುತ್ತಾಳೆ.

*

ಸೆಪ್ಟೆಂಬರ್ 15, ಸೋಮವಾರ. ಅಮ್ಮನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ತಮ್ಮ ಕೊಠಡಿಯಲ್ಲಿ ಬರೆದುಕೊಳ್ಳುವ ದಿನ. ಮುರಳಿ ತನ್ನ ಗಾಡಿಯಲ್ಲಿ ಕರೆದುಕೊಂಡು ಬಂದ. ಅಮ್ಮ ಮುಂದೆ, ನಾನು ಹಿಂದೆ ಖಾಲಿ ಕ್ರೇಟುಗಳ ನಡುವೆ.

ಒಳಗೆ ಅವಳೊಬ್ಬಳೇ ಹೋಗಬೇಕು. ಮಗನಾದರೂ ನಾನು ಇರುವಂತಿಲ್ಲ. 11 ಗಂಟೆ 25ಕ್ಕೆ ಬಾಗಿಲು ಮುಚ್ಚಿತು. ಮುಚ್ಚಿದ ಬಾಗಿಲಿನ ಈ ಕಡೆ ನಾನು ನಿಂತದ್ದು ಅದೇ ಮೊದಲು. ವರಾಂಡ ಈ ತುದಿಯಿಂದ ಆ ತುದಿಗೆ ನನ್ನ ಹೆಜ್ಜೆಯಲ್ಲಿ ನಲವತ್ತೊಂದು. ಎಷ್ಟು ಸಲ ಅಳೆದೆನೋ. ಮುರಳಿ ಕಟ್ಟೆಯ ಮೇಲೆ ಕುಳಿತು ಹುರಿಗಡಲೆ ತಿನ್ನುತ್ತಿದ್ದ.

“ಕೂತ್ಕೊಳೋ. ನಿನ್ ನೋಡಿ ಪೊಲೀಸಿನೋರೇ ಹೆದರ್ಕೊಂತಾರೆ.”

“ಒಳಗೆ ಜ್ಞಾಪಕ ಇಲ್ಲ ಅಂದುಬಿಟ್ರೆ?”

“ಅಂದ್ರೆ ಅಂದ್ಲು. ನಿಂಗೆ ಹೊಡೆಯೋಕಾದ್ರೂ ಅಮ್ಮ ಇದ್ಲು. ನಂಗೆ ಹೇಳೋಕೂ ಯಾರೂ ಇರ್ಲಿಲ್ಲ.” ಕಡಲೆಯ ಪೊಟ್ಟಣ ನನ್ನ ಕಡೆ ಚಾಚಿದ. “ತಗೋ. ಅಳತೆ ಮಾಡ್ದೆ ತಿನ್ನು.”

ಬಾಗಿಲು ತೆರೆದದ್ದು 12 ಗಂಟೆ 12ಕ್ಕೆ. ನಲವತ್ತೇಳು ನಿಮಿಷ. ಅಮ್ಮ ಹೊರಗೆ ಬಂದು ಕಟ್ಟೆಯ ಮೇಲೆ ಮುರಳಿಯ ಪಕ್ಕ ಕುಳಿತಳು. ಸೆರಗಿನಿಂದ ಮುಖ ಒರೆಸಿದಳು. ತಾನಾಗಿಯೇ ಮಾತು ಶುರು ಮಾಡಿದಳು.

“ಜಡ್ಜಮ್ಮ ಒಳ್ಳೆಯೋರು. ನಿಮ್ ಮಗ ಏನಂದ, ಹೆಂಗಂದ, ಹಂಗೇ ಹೇಳಿ ಅಂದ್ರು. ಹೇಳ್ದೆ. ಹೊಡ್ದಿದ್ದೂ ಹೇಳ್ದೆ. ಎಣ್ಣೆ ಬಾಟ್ಲು ಕಳಿಸಿದ್ದೂ ಹೇಳ್ದೆ. ನೀನೆಂಥ ತಾಯಿ ಅಂತ ಆಯಮ್ಮ ಕೇಳ್ಲಿಲ್ಲ. ನಾನೇ ಕೇಳ್ಕೊಂಡೆ.”

ಮುರಳಿ ಕಡಲೆಯ ಪೊಟ್ಟಣ ಮಡಿಸಿಟ್ಟ.

“ಎಲ್ಲಾ ಬರ್ದಾದ್ಮೇಲೆ ಓದಿ ಹೇಳಿದ್ರು. ‘ಸ್ವಾಮಿಗಳು ಸೇವೆ ಮಾಡಿಸಿಕೊಳ್ಳುತ್ತಾರೆ ಎಂದು ಮಗ ಹೇಳಿದನು’ ಅಂತ. ನಾನು, ಇಲ್ಲಮ್ಮ, ತಪ್ಪು ಬರ್ದವ್ರೆ ಅಂದೆ. ಟೈಪ್ ಮಾಡೋ ಹುಡುಗಿ, ಎರಡೂ ಒಂದೇ ಅಲ್ವಾ ಅಜ್ಜಿ, ಗೌರವಕ್ಕೆ ಹಂಗೆ ಹಾಕಿದ್ದು ಅಂದ್ಳು. ಒಂದೇ ಅಲ್ಲ ಕಣಮ್ಮ ಅಂದೆ. ನನ್ ಮಗ ‘ತಾರೆ’ ಅನ್ಲಿಲ್ಲ. ‘ತಾನೆ’ ಅಂದ. ಅದುಕ್ಕೇ ನಾನು ಹೊಡ್ದಿದ್ದು. ‘ತಾರೆ’ ಅಂತ ಬರ್ಕೊಂಡ್ರೆ ನಾನು ಯಾಕೆ ಹೊಡ್ದೆ ಅಂತ ಕೇಳ್ತಾರಲ್ಲ? ಹೊಡೆತ ಸುಳ್ಳಾಗೋಗ್ತದೆ. ಹೊಡೆತ ಸುಳ್ಳಾದ್ರೆ ಅವ್ನು ನಂಗೆ ಹೇಳಿದ್ದೂ ಸುಳ್ಳಾಗ್ತದೆ.”

“ತಿದ್ದಿದ್ರಾ?” ಎಂದೆ.

“ಆಯಮ್ಮ ತಾವೇ ಪೆನ್ನಲ್ಲಿ ತಿದ್ದಿ, ಪಕ್ಕದಲ್ಲಿ ಸೈನ್ ಹಾಕಿದ್ರು. ಮತ್ತೆ ಓದಿಸ್ದೆ.”

ಅಮ್ಮನ ಬಲಗೈ ಎದ್ದಿತು, ನನ್ನ ಎಡಗೆನ್ನೆಯ ಕಡೆಗೆ. ಅರ್ಧದಲ್ಲಿ ನಿಂತಿತು. ಕೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

“ಮುಟ್ಲಾ?” ಎಂದು ಕೇಳಿದಳು.

ಹನ್ನೆರಡು ವರ್ಷದಲ್ಲಿ, ಆ ಮೊದಲಿನ ವರ್ಷಗಳಲ್ಲಿ ಕೂಡ, ನನ್ನನ್ನು ಮುಟ್ಟುವ ಮೊದಲು ಯಾರೂ ಕೇಳಿರಲಿಲ್ಲ.

“ಇವತ್ತು ಬೇಡಮ್ಮ.”

“ಸರಿ ನಾಯ್ನಾ,” ಎಂದು ಕೈಯನ್ನು ಮಡಿಲಿಗೆ ಇಳಿಸಿಕೊಂಡಳು.

ಮುರಳಿ ಎದ್ದು ನಿಂತ. ಪ್ಯಾಂಟಿಗೆ ಅಂಟಿದ್ದ ಕಡಲೆ ಚೂರು ಕೊಡವಿದ. “ಆ ರೈಟರಪ್ಪ ಮಧ್ಯಾಹ್ನ ಎಷ್ಟು ಗಂಟೆಗೆ ಸಿಗ್ತಾನೋ?” ಎಂದ. “ಶುಕ್ರವಾರದ್ದೂ ಬರ್ಕೊಳ್ಲಿ.”

*

ಸ್ವಾಮಿಯ ಜಾಮೀನು ಅರ್ಜಿ ವಜಾ ಆಯಿತು. ಅವನು ಜೈಲಿನಲ್ಲಿದ್ದಾನೆ ಎಂದು ಬರೆಯಲು ನನಗೆ ಆಸೆ. ಇಲ್ಲ. ಬಂಧಿಸಿದ ದಿನವೇ ಎದೆನೋವು ಬಂತು, ಆಸ್ಪತ್ರೆಯಲ್ಲಿದ್ದಾನೆ. ವಾರ್ಡಿನ ಹೊರಗೆ ಭಕ್ತರು ಭಜನೆ ಮಾಡುತ್ತಾರಂತೆ. ಮೊಕದ್ದಮೆ ವರ್ಷಗಟ್ಟಲೆ ನಡೆಯಬಹುದು. ಮುರಳಿಯ ನಂತರ ಇನ್ನೂ ಇಬ್ಬರು ದೂರು ಕೊಟ್ಟರು. ಮುರಳಿಯ ಮದುವೆ ನಿಂತುಹೋಯಿತು. ಹುಡುಗಿ ಮಾತ್ರ ಒಮ್ಮೊಮ್ಮೆ ಫೋನು ಮಾಡುತ್ತಾಳೆ, ಯಾಕೆ ಎಂದು ಅವನಿಗೂ ಗೊತ್ತಿಲ್ಲ. ನಾನು ತಿಂಗಳಿಗೆರಡು ಸಲ ಕೋಲಾರದಲ್ಲಿ ಒಬ್ಬರು ಮನೋವೈದ್ಯರ ಹತ್ತಿರ ಹೋಗುತ್ತೇನೆ. ಹೆಚ್ಚು ಮಾತಾಡುವುದಿಲ್ಲ. ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಏಳದೆ ಕೂರಲು ಕಲಿಯುತ್ತಿದ್ದೇನೆ.

ಒಂದು ಪ್ರಶ್ನೆಯನ್ನು ನಾನು ಆ ವೈದ್ಯರಿಗೂ ಹೇಳಿರಲಿಲ್ಲ, ಮುರಳಿಗೂ ಹೇಳಿರಲಿಲ್ಲ. ಯಾಕೆ ನಾನು ತಳ್ಳಲಿಲ್ಲ? ನೆನಪಿನಲ್ಲಿ ಆ ಕೋಣೆಯೊಳಗೆ ಹೋಗುವಾಗಲೆಲ್ಲ ನಾನು ಹೋಗುತ್ತಿದ್ದದ್ದು ಈಗಿನ ದೇಹದೊಂದಿಗೆ. ಈ ತೋಳು, ಈ ಎತ್ತರ. ಐವತ್ತು ದಾಟಿದ ಮನುಷ್ಯ ಅವನು. ತಳ್ಳಿದ್ದರೆ ಬೀಳುತ್ತಿದ್ದ. ಹಾಗಾದರೆ ನಾನು ಒಪ್ಪಿಕೊಂಡೆನೇ? ಎಷ್ಟೋ ವರ್ಷ ನನ್ನನ್ನು ಒಳಗಿನಿಂದ ತಿಂದದ್ದು ಅವನಲ್ಲ, ಈ ಲೆಕ್ಕ.

ನವೆಂಬರ್ 6ರಂದು ಸುನಂದ ಮೇಡಂ ಠಾಣೆಗೆ ಕರೆಸಿದರು. ಆಶ್ರಮದ ಶಾಲೆಯಿಂದ ಒಂದು ರಿಜಿಸ್ಟರು ವಶಪಡಿಸಿಕೊಂಡಿದ್ದರು. 2013ರಲ್ಲಿ ಸರ್ಕಾರಿ ಡಾಕ್ಟರು ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡಿದ ದಾಖಲೆ. ಆ ದಿನಗಳಲ್ಲಿ ನಾನು ಅಲ್ಲಿದ್ದೆ ಎಂಬುದಕ್ಕೆ ಸಾಕ್ಷಿ. ನನ್ನ ಹೆಸರನ್ನು ನಾನೇ ಗುರುತಿಸಿ ತೋರಿಸಬೇಕಿತ್ತು. ಆವಲಪ್ಪ ಪುಟ ತಿರುವಿ ನನ್ನ ಮುಂದಿಟ್ಟರು.

ತಾರೀಕು ನವೆಂಬರ್ 19, ಮಂಗಳವಾರ. ಐದನೇ ತರಗತಿ, ಮೂವತ್ತೊಂದನೇ ಸಾಲು. ಉಮಾಶಂಕರ್. ವಯಸ್ಸು ಹತ್ತು. ಎತ್ತರ 124 ಸೆಂಟಿಮೀಟರ್. ಮೇಜಿನ ಪಕ್ಕಕ್ಕೆ ಕೈ ಹಿಡಿದು ನೆಲದಿಂದ ಆ ಎತ್ತರವನ್ನು ಅಂದಾಜು ಮಾಡಿದೆ. ನನ್ನ ಹೆಗಲಿನವರೆಗೂ ಬರಲಿಲ್ಲ. ಆ ಕೈಯ ಕೆಳಗೆ ನಿಲ್ಲುವವನನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಪಕ್ಕದ ಕಾಲಮ್ಮಿಗೆ ಬಂದೆ. ಎರಡು ಸಲ ಓದಿದೆ. ನನ್ನ ಹೆಸರಿನ ಕೆಳಗೆ ಗೆರೆ ಎಳೆದು ಸಹಿ ಹಾಕಿದೆ.

ತೂಕ 21 ಕಿಲೋ 400 ಗ್ರಾಂ.